ಗೇಟಿನ ಮುಂದಿನ ಸಪ್ಪಳ

“ಡಾರ್ಕ್ ಮ್ಯಾಟರ್ ಯಾರಿಗೂ ಕಂಡಿಲ್ಲ ಅಂತೀರಿ, ಆದ್ರೂ ಐತಿ ಅಂತ ಕಲಿಸ್ತೀರಿ. ಹಂಗಾರ ನಮ್ಮ ಬೀರಪ್ಪಗೂ ಅಷ್ಟ ಮರ್ಯಾದಿ ಕೊಡ್ರಿ ಮೇಡಂ.”

ವಿದ್ಯಾಗಿರಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇತಿಹಾಸದ ಬೀರೇಶ ಹೀಗೆ ಕೆಣಕಿದಾಗ, ಭೌತಶಾಸ್ತ್ರದ ಶೀಲಾ ಚಹಾದ ಕಪ್ಪಿನ ಅಂಚಿನಿಂದ ಕಣ್ಣೆತ್ತಿದಳು.

“ನಮ್ಮದು ಊಹೆ ಅಷ್ಟರಿ. ನಾಳೆ ಸುಳ್ಳಂತ ಗೊತ್ತಾದ್ರ ಬಿಟ್ಟಬಿಡ್ತೇವಿ. ನಿಮ್ಮ ದೇವರನ್ನ ನೀವು ಹಂಗ ಬಿಡ್ತೀರೇನು?”

“ಬಿಡೂದು ನನಗ ಬರೂದಿಲ್ರಿ,” ಎಂದು ಅವಳನ್ನೇ ನೋಡಿದ. ಆ ನೋಟ ದೇವರ ಕುರಿತದ್ದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶೀಲಾಳ ಗಂಡ ಸಂಗಮೇಶ ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯಲ್ಲಿ ಮುಳುಗಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬೀರೇಶ ಮದುವೆಯ ಮಾತೆತ್ತಿದಾಗ ಅವಳು ಬೇಡವೆನ್ನಲಿಲ್ಲ. ಆದರೆ ಅವನ ಊರಾದ ಮರೋಳದಲ್ಲಿ ತಾಯಿ ಬೋರವ್ವ ಬೀರಪ್ಪನ ಗುಡಿಗೆ ಹೋಗಿ ಈ ಸಂಬಂಧದ ಬಗ್ಗೆ ಕೇಳಿದಾಗ, ಮೈಮೇಲೆ ದೇವರು ಬಂದ ಪೂಜಾರಿ ಹೇಳಿದ್ದು ಒಂದೇ ಮಾತು: “ಆಕಿ ಬೆನ್ನ ಹಿಂದ ಸತ್ತಾಂವ ಇನ್ನೂ ಅದಾನ.”

ಬೀರೇಶ ಇದನ್ನು ಮುಚ್ಚಿಡದೆ ಹೇಳಿದ. ಶೀಲಾ ನಗುತ್ತಾಳೆ ಎಂದುಕೊಂಡಿದ್ದ. ಅವಳ ಮುಖ ಬಿಳಿಚಿಕೊಂಡಿತು.

“ದಿನಾ ಸಂಜಿಮುಂದ ನಮ್ಮ ಮನಿಯವರ ಸ್ಕೂಟರಿನ ಸಪ್ಪಳ ಗೇಟಿನ ಮುಂದ ಬಂದು ನಿಂದರತೈತ್ರಿ. ಹೊರಗ ಹೋದ್ರ ಯಾರೂ ಇರೂದಿಲ್ಲ. ನನಗೊಬ್ಬಾಕಿಗೆ ಕೇಳೂದನ್ನ ಊಹೆ ಅನ್ಲೋ, ನಂಬಿಕಿ ಅನ್ಲೋ?”

“ಇವತ್ತ ನಾನೂ ಬರ್ತೇನಿ. ಕೂಡೇ ಕೇಳೂಣು.”

ಸಂಜೆ ಇಬ್ಬರೂ ಅವಳ ಮನೆಯ ಕಟ್ಟೆಯ ಮೇಲೆ ಕುಳಿತರು. ಬೇವಿನ ನೆರಳು ಅಂಗಳದಲ್ಲಿ ಉದ್ದವಾಯಿತು. ಅವನ ತೋಳು ಅವಳ ತೋಳಿಗೆ ತಾಗಿಯೂ ತಾಗದಂತಿತ್ತು. ಇದ್ದಕ್ಕಿದ್ದಂತೆ ಶೀಲಾ ಸೆಟೆದು ಕುಳಿತಳು. ಅವಳ ಕಿವಿಗೆ ದೂರದಿಂದ ಬಂತು ಅದೇ ಸ್ಕೂಟರಿನ ಸದ್ದು; ಗೇಟಿನ ಬಳಿ ಕೆಮ್ಮಿ ಆರಿತು. ರಸ್ತೆ ಖಾಲಿ.

“ಕೇಳಿಸ್ತೇನ್ರಿ?”

ಹೂಂ ಎಂದುಬಿಟ್ಟರೆ ಅವನ ದೇವರು ಗೆಲ್ಲುತ್ತಿದ್ದ. ಅವಳೂ ಆ ಒಂದು ಹೂಂಗಾಗಿ ಅವನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ ಶೀಲಾ. ನನಗೇನೂ ಕೇಳಲಿಲ್ಲ.” ಮೊದಲ ಸಲ ಅವನು ಮೇಡಂ ಎನ್ನಲಿಲ್ಲ. “ಆದ್ರ ನಿನಗ ಕೇಳಿದ್ದು ಸುಳ್ಳಂತ ನಾ ಅನ್ನೂದಿಲ್ಲ.”

“ಮತ್ತ ಪೂಜಾರಿ ಮಾತು?”

“ಖರೆ ಇದ್ರೂ ಇರಬಹುದು. ಅವರು ಇದ್ರ ಇರ್ಲಿ. ಅವರನ್ನ ಹೊರಗ ಹಾಕಿ ನಾ ಒಳಗ ಬರೂದಿಲ್ಲ.”

ಶೀಲಾ ಎದ್ದು ಹೋಗಿ ಗೇಟು ತೆರೆದಿಟ್ಟಳು. ಗಾಳಿಯಿಲ್ಲದಿದ್ದರೂ ಅದು ಸಣ್ಣಗೆ ಕಿರುಗುಟ್ಟಿತು. ಅವಳು ಮರಳಿ ಬಂದು, ಈ ಸಲ ಅವನಿಗೆ ಒತ್ತಿಕೊಂಡೇ ಕುಳಿತಳು.

“ನಾಳೆ ನಿಮ್ಮ ಅವ್ವನ ಹಂತೇಕ ನಾನ ಬರ್ತೇನಿ,” ಎಂದು ತೆರೆದ ಗೇಟಿನ ಕಡೆ ನೋಡಿದಳು. “ನಿಮ್ಮ ಮನಿಯಾಗ ನಮ್ಮ ಮೂರೂ ಮಂದಿಗೆ ಜಾಗ ಐತೇನ್ರಿ ಅಂತ ಕೇಳ್ತೇನಿ.”