ಇಟ್ಟಿಗೆ ಬೀಳುವ ಸಾಲು

“ಈ ಸಾಲಲ್ಲಿ ಯಾರ ಮನೆಗೂ ಬೆರಳು ತೋರಿಸಿ ‘ಇದು ನಂಗೆ’ ಅನ್ಬೇಡ ಕಣಮ್ಮ,” ಎಂದಳು ಗೇಟಿನಾಚೆಯ ಮುದುಕಿ ವಿಲ್ಮಾ. ಸಿಯಾಟಲ್‌ನ ಆ ಹಳೆಯ ದಂಡುಪ್ರದೇಶದಲ್ಲೇ ಹುಟ್ಟಿದವಳು. ಸೈನ್ಯ ಹೋಗಿ ಬಂಗಲೆಗಳು ಊರವರ ಪಾಲಾದರೂ ಅವಳು ಜಾಗ ಬಿಟ್ಟಿರಲಿಲ್ಲ. “ಆಗೆಲ್ಲ ದೊಡ್ಡ ಸಾಹೇಬ ಬಂದು ಒಂದು ಮನೆಗೆ ಬೆರಳು ತೋರಿಸಿದ್ರೆ ಮುಗೀತು. ಅಲ್ಲಿದ್ದೋನು ತನಗಿಂತ ಚಿಕ್ಕೋನನ್ನ ಎಬ್ಬಿಸ್ತಿದ್ದ, ಅವನು ಇನ್ನೂ ಚಿಕ್ಕೋನನ್ನ. ಒಂದು ತಳ್ಳಿದ್ರೆ ಸಾಲೆಲ್ಲ ಉರುಳುತ್ತಲ್ಲ, ಹಂಗೆ. ಅದಕ್ಕೇ ಇಟ್ಟಿಗೆ ಬೀಳೋದು ಅಂತಿದ್ರು. ಕೊನೇ ಮನೆಯ ಲೆಫ್ಟಿನೆಂಟನ ಹೆಂಡ್ತಿ ಜ್ವರದ ಕೂಸನ್ನ ಎತ್ಕೊಂಡು ಮಳೇಲಿ ನಿಂತ್ಲು. ಕೂಸು ಉಳೀಲಿಲ್ಲ. ಅದರ ಕೂದಲನ್ನ ಇಟ್ಟಿಗೆ ಸಂದಿಗೆ ತುರುಕಿ ಶಾಪ ಹಾಕಿದ್ಲು. ಕೇಳಿದೋರಿಗೆ ಮನೆ ಸಿಗ್ಲಿ, ಇಟ್ಟಿಗೆ ಮಾತ್ರ ಕೊನೇ ತನಕ ಬೀಳ್ಲಿ ಅಂತ.”

“ಸಿಗೋದಾದ್ರೆ ಒಳ್ಳೇದೇ ಆಯ್ತಲ್ಲ ಅಜ್ಜಿ,” ಥೀಯಾ ನಕ್ಕಳು. “ಅಂಥ ಶಾಪ ನಂಗೂ ಒಂದಿರ್ಲಿ.”

ಈಗ ಆ ಕೊನೆಯ ಮನೆಗೆ ಬಂದಿದ್ದವಳು ಥೀಯಾ. ಗಂಡ ಅಲಾಸ್ಕದ ಕಡೆ ಮೀನಿನ ದೋಣಿಯಲ್ಲಿ. ಮನೆಯಲ್ಲಿ ಅವಳು, ಮೊಲೆಹಾಲಿನ ಕೂಸು ನೀಲ್ಸ್, ಸೋರುವ ಅಡುಗೆಮನೆ. ದಿಬ್ಬದ ತುದಿಯ ಕರ್ನಲ್ ಬಂಗಲೆ ಅಕ್ಕ ಮಾರ್ನಿಯದು. ನಡುವಿನವೆಲ್ಲ ದುರಸ್ತಿಗೆಂದು ಖಾಲಿ. ಈ ಮನೆ ಕೊಡಿಸಿದವಳೂ ಅಕ್ಕನೇ, ಆದರೆ ಹೊಟ್ಟೆಕಿಚ್ಚಿನವರಿಗೆ ಉಪಕಾರವೂ ಮುಳ್ಳೇ. ಚಿಕ್ಕಂದಿನಿಂದಲೂ ಅಕ್ಕನಿಗೆ ಹೊಸ ಕೋಟು, ಇವಳಿಗೆ ಅವಳು ಬಿಟ್ಟದ್ದು.

ಆ ಸಂಜೆ ಮಗುವನ್ನು ಮಲಗಿಸಿ, ಅಡುಗೆಮನೆ ಸೋರುವುದನ್ನು ಅಕ್ಕನಿಗೆ ಹೇಳಿ ಒಂದು ಗಳಿಗೆಯಲ್ಲಿ ಬಂದುಬಿಡುತ್ತೇನೆಂದು ಮಳೆಯಲ್ಲೇ ದಿಬ್ಬ ಹತ್ತಿದಳು. ಅಕ್ಕನ ಮನೆಯಲ್ಲಿ ಬೆಣ್ಣೆಯಲ್ಲಿ ಬೇಯುವ ಸಾಲ್ಮನ್ ಮೀನಿನ ಘಮ, ಕಿಟಕಿ ತುಂಬ ಸಮುದ್ರ.

“ಸೋರಿದ್ರೆ ಬಕೆಟ್ ಇಡು,” ಎಂದಳು ಮಾರ್ನಿ ನಗುತ್ತ. “ನಿಂಗೆ ಅಷ್ಟು ಮನೆ ಧಾರಾಳ ಕಣೇ.”

ಥೀಯಾ ಕುರ್ಚಿಯಿಂದೆದ್ದಳು. ನೆಲಕ್ಕೆ ಬೆರಳು ತೋರಿಸಿದಳು.

“ಈ ಮನೆ ನಂಗೆ.”

ಗೋಡೆಯೊಳಗೆಲ್ಲೋ ಇಟ್ಟಿಗೆಯೊಂದು ಬಿತ್ತು.

ಮಾರ್ನಿಯ ನಗು ನಿಂತಿತು. ಕಣ್ಣು ಬೆಳ್ಳಗಾದವು. ಎದ್ದು ಬರಿಗಾಲಲ್ಲೇ ಮಳೆಗಿಳಿದಳು. ಅವಳ ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು. ದೀಪ ಆರಿತು. ಒದ್ದೆ ಸುಣ್ಣದ ವಾಸನೆ. ಅದರೊಳಗೆ ಎಳೆಗೂಸಿನ ಕೂದಲಿನ ವಾಸನೆ.

“ಅಕ್ಕಾ, ತಮಾಷೆಗಂದೆ ಕಣೇ.”

ಚಿಲಕ ಜಗ್ಗಿದಳು. ಅಲುಗಲಿಲ್ಲ. ಕಿಟಕಿಗೆ ಕುರ್ಚಿ ಎಸೆದಳು. ಗಾಜು ಬಿರಿಯಲಿಲ್ಲ. ಕೆಳಗೆ ಮಂಜಿನಲ್ಲಿ ಮಾರ್ನಿ ಕೊನೆಯ ಮನೆಯ ಮುಂದೆ ನಿಂತು ಬೆರಳು ಚಾಚಿದಳು. ಇನ್ನೊಂದು ಇಟ್ಟಿಗೆ ಬಿತ್ತು.

ಆಗ ಥೀಯಾಳಿಗೆ ಅರ್ಥವಾಯಿತು. ಆ ಮನೆಯಲ್ಲಿ ಇದ್ದದ್ದು ನೀಲ್ಸ್ ಒಬ್ಬನೇ. ಅವನಿಗಿಂತ ಚಿಕ್ಕವರು ಯಾರೂ ಇರಲಿಲ್ಲ.

ಅಕ್ಕ ತೊಟ್ಟಿಲು ಹೊರತಂದಳು. ಮಳೆಯಲ್ಲಿಟ್ಟಳು. ಥೀಯಾ ಬಾಗಿಲು ಬಡಿದಳು. ಉಗುರು ಕಿತ್ತುಬಂತು. ಕೂಗಿದಳು. ದನಿ ಗೋಡೆ ದಾಟಲಿಲ್ಲ. ಮಗುವಿನ ಅಳು ಮಾತ್ರ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಜೊತೆಗೆ ಅಕ್ಕನ ಮೆತ್ತನೆಯ ಮಾತು.

“ದೊಡ್ಡೋರು ಬಂದಿದ್ದಾರೆ ಪುಟ್ಟ, ಜಾಗ ಬಿಡು.”

ಅಳು ನಿಂತಿತು. ಆಮೇಲೆ ಬಾಗಿಲು ತೆರೆದುಕೊಂಡಿತು.