ಬೆಳ್ಳಿ ಹಿಡಿದ ದೊಡ್ಡ ಏಡಿ

“ಕೈ ಇನ್ನೂ ಒಳಗೆ ಹಾಕು. ಬಿಲದ ಬಾಯಲ್ಲಿ ಹೊಸ ಮಣ್ಣುಂಟು, ಏಡಿ ಒಳಗೇ ಇರ್ತದೆ,” ಎಂದ ಮನು.

ಬೆಳ್ಳಿ ಗದ್ದೆಯ ಬದುವಿನ ಮೇಲೆ ಬೋರಲು ಮಲಗಿ ಬಿಲದೊಳಗೆ ತಡಕಾಡುತ್ತಿದ್ದಳು. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಅವಳ ಅವ್ವನಿಗೆ ಜ್ವರ ಬಿಟ್ಟಿತ್ತು, ಆದರೆ ಬಾಯಿಗೆ ರುಚಿ ಬಂದಿರಲಿಲ್ಲ. ಗಂಜಿ ಕೊಟ್ಟರೆ ತಟ್ಟೆ ಸರಿಸಿಬಿಡುತ್ತಿದ್ದಳು. ಇವತ್ತು ಬೆಳಿಗ್ಗೆ, ಏಡಿ ಸಾರಾದರೆ ಎರಡು ತುತ್ತು ಇಳಿದೀತು ಎಂದಿದ್ದಳು. ಅಷ್ಟು ಕೇಳಿದ್ದೇ ಬೆಳ್ಳಿ ಚಿಕ್ಕಪ್ಪನ ಮಗ ಮನುವನ್ನು ಎಳೆದುಕೊಂಡು ಬಂದಿದ್ದಳು.

ಬಕೆಟ್ಟಿನಲ್ಲಿ ಆಗಲೇ ಎರಡು ಏಡಿಗಳಿದ್ದವು. ಎರಡೂ ಬೆಂಕಿಪೊಟ್ಟಣದಷ್ಟೇ.

ಬೆರಳಿಗೆ ಚುರುಕ್ಕೆಂದಿತು. ಬೆಳ್ಳಿ ತುಟಿ ಕಚ್ಚಿ ಎಳೆದಳು. ಅಂಗೈಯಗಲದ ಏಡಿ! ಸಂಭ್ರಮದಲ್ಲಿ ಹಾಗೇ ಬಕೆಟ್ಟಿಗೆ ಹಾಕಿದಳು.

ಬೆಳ್ಳಿಯ ಅಜ್ಜಿ ರಂಗಮ್ಮ ಹಾಗೆ ಹಾಕುತ್ತಿರಲಿಲ್ಲ. ಬಿಲಕ್ಕೆ ಕೈ ಹಾಕುವ ಮೊದಲು ಗದ್ದೆಯ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹಿಡಿದ ಪ್ರತಿ ಏಡಿಯನ್ನೂ ಮಗುಚಿ ಹೊಟ್ಟೆ ನೋಡುತ್ತಿದ್ದಳು. ಮರಿ ಹೊತ್ತದ್ದಾದರೆ ಬಂದ ಬಿಲಕ್ಕೇ ಬಿಡಬೇಕು, ದೇವರು ಬರುವ ವರ್ಷವೂ ಕೊಡಬೇಕಲ್ಲ ಎನ್ನುತ್ತಿದ್ದಳು.

ತೋಡಿನ ಹರಿಯುವ ನೀರಲ್ಲಿ ತೊಳೆಯುವಾಗ ಬೆಳ್ಳಿಗೆ ಅದು ನೆನಪಾಯಿತು. ದೊಡ್ಡ ಏಡಿಯನ್ನು ಮಗುಚಿದಳು. ಹೊಟ್ಟೆಯ ಅಗಲವಾದ ಮಡಿಕೆಯೊಳಗೆ ಅಕ್ಕಿನುಚ್ಚಿನಂಥ ಮರಿಗಳು ಮಿಸುಕಾಡುತ್ತಿದ್ದವು.

“ಅಜ್ಜಿ ಇಲ್ಲಿ ಇಲ್ಲಲ್ಲ,” ಎಂದ ಮನು. “ಕುದಿಸಿದ ಮೇಲೆ ಯಾರಿಗೆ ಗೊತ್ತಾಗ್ತದೆ?”

ಬೆಳ್ಳಿ ಏಡಿಯನ್ನು ಮತ್ತೆ ನೀರಿಗೆ ತಾಗಿಸಿ ಹಿಡಿದಳು.

“ಮತ್ತೆ ನಿನ್ನ ಅವ್ವನಿಗೆ ಏನು ಕೊಡ್ತಿ?”

ಬೆಳ್ಳಿ ಬಕೆಟ್ಟಿನ ಎರಡು ಸಣ್ಣ ಏಡಿಗಳನ್ನು ನೋಡಿದಳು. ಆಮೇಲೆ ಬದುವಿನ ಉದ್ದಕ್ಕೂ ಹಿಂದಕ್ಕೆ ನಡೆದು, ಅದೇ ಬಿಲದ ಬಾಯಲ್ಲಿ ಏಡಿಯನ್ನು ಇಳಿಸಿದಳು. ಅದು ಅಡ್ಡಡ್ಡ ಸರಿದು ಒಳಗೆ ಹೋಯಿತು.

ಸಂಜೆ ಅಜ್ಜಿ ಎರಡು ಸಣ್ಣ ಏಡಿಗಳನ್ನೇ ಜಜ್ಜಿ, ಕರಿಮೆಣಸು ಹಾಕಿ ಸಾರು ಮಾಡಿದಳು. ಸಾರು ನೀರಾಗಿತ್ತು. ಆದರೂ ಅವ್ವ ಅನ್ನ ಕಲಸಿಕೊಂಡು ಉಂಡಳು. ಬೆಳ್ಳಿ ತುತ್ತು ತುತ್ತನ್ನೂ ನೋಡುತ್ತಿದ್ದಳು.

“ದೊಡ್ಡದೊಂದು ಸಿಕ್ಕಿತ್ತು ದೊಡ್ಡವ್ವ. ಇವಳು ಬಿಟ್ಟುಬಿಟ್ಳು,” ಎಂದು ಮನು ದೂರಿದ.

“ಯಾಕೆ ಮಗಾ?”

“ಮರಿ ಇತ್ತವ್ವ, ಹೊಟ್ಟೇಲಿ.”

ಅವ್ವ ತಟ್ಟೆಯಲ್ಲಿ ಉಳಿದಿದ್ದ ಒಂದೇ ಒಂದು ಏಡಿಕಾಲನ್ನು ಬೆಳ್ಳಿಯ ಕೈಗಿಟ್ಟು, “ನೀನು ತಿನ್ನು, ನನಗೆ ಹೊಟ್ಟೆ ತುಂಬ್ತು,” ಎಂದಳು. ಹಾಗನ್ನುತ್ತಲೇ ತಟ್ಟೆಯಂಚಿನ ಸಾರನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು.

ಬೆಳ್ಳಿ ಆ ಬೆರಳನ್ನೇ ನೋಡಿದಳು. ಏಡಿಕಾಲನ್ನು ಕಚ್ಚಿ ಒಡೆದು, ಒಳಗಿನ ಬಿಳಿ ಮಾಂಸವನ್ನು ಬಿಡಿಸಿ ಅವ್ವನ ಬಾಯಿಗಿಟ್ಟಳು.