ಕೋಚ್ ತಟ್ಟಿದ ಬಾಗಿಲು

“ಗೇಟ್ ದಾಟಿದ್ರಾ?”

“ದಾಟಿದ.”

“ಯಾವ ಕಡೆ ತಿರುಗಿದ್ರು? ಬೇಗ ಹೇಳೇ.”

ಗ್ರಾನ್ಯಾ ಕಿಟಕಿಯ ಪರದೆಯನ್ನು ಚೂರೇ ಚೂರು ಸರಿಸಿ ಬೀದಿ ನೋಡಿದಳು. ಕಿವಿಗೆ ಅಮ್ಮನ ಫೋನು. ಆ ಕಡೆ ಗೆಳತಿ ಬ್ರೋನಾ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಹೊರಗೆ ಅಪ್ಪ ಟೋಪಿಯನ್ನು ಹಣೆಗೆ ಎಳೆದುಕೊಂಡು, ತುಂತುರು ಮಳೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದ.

“ನಿಮ್ಮನೆ ಕಡೇನೇ ಬರ್ತಿದಾನೆ.”

“ಸತ್ತೆ,” ಎಂದಳು ಬ್ರೋನಾ.

ಊರಿನ ಹುಡುಗಿಯರ ಫುಟ್ಬಾಲ್ ಟೀಮಿಗೆ ಗ್ರಾನ್ಯಾಳ ಅಪ್ಪ ಮಲಾಕಿ ಡೆವಾನಿಯೇ ಕೋಚ್. ಒಂದು ಕಾಲಕ್ಕೆ ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡಿದವನು. ಚಿಪ್ಸ್ ಅಂಗಡಿಯ ಗೋಡೆಯ ಮೇಲೆ ಇವತ್ತಿಗೂ ಅವನ ಫೋಟೋ ಇದೆ, ಮುರಿದ ಮೂಗಿನ ಸಮೇತ. ಕೋಚ್ ಆದ ಮೇಲೆ ಅವನು ಒಂದು ಪದ್ಧತಿ ಇಟ್ಟುಕೊಂಡಿದ್ದ. ಶನಿವಾರದ ಮ್ಯಾಚಿಗೆ ಯಾರನ್ನು ಹೊರಗೆ ಕೂರಿಸುತ್ತಾನೋ ಅವರ ಮನೆಗೆ ಶುಕ್ರವಾರ ಸಂಜೆ ತಾನೇ ಹೋಗಿ, ಬಾಗಿಲು ತಟ್ಟಿ, ಮುಖ ನೋಡಿ ಹೇಳುವುದು. ಬೇರೆ ಕೋಚ್‌ಗಳು ಒಂದು ಮೆಸೇಜ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇವನಿಗೆ ಅದು ಆಗದು. ಹಾಗಾಗಿ ಶುಕ್ರವಾರ ಸಂಜೆ ಬಾಗಿಲು ಸದ್ದಾಯಿತೆಂದರೆ ಆ ಹುಡುಗಿಯರ ಜೀವ ಬಾಯಿಗೆ ಬರುತ್ತಿತ್ತು.

ಗ್ರಾನ್ಯಾಗೆ ಮಾತ್ರ ಆ ಭಯವಿರಲಿಲ್ಲ. ಕೋಚ್ ಮನೆಯೊಳಗೇ ಇರುವಾಗ ಬಾಗಿಲು ತಟ್ಟುವವರು ಯಾರು? ಎರಡು ವರ್ಷದಿಂದ ಎಡಗಡೆಯ ಡಿಫೆಂಡರ್ ಅವಳೇ. ನಾಳೆ ಕಪ್ ಫೈನಲ್ ಎಂದು ಬೂಟುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹೊಳೆಸಿದ್ದಳು. ಅದು ಅಪ್ಪನ ಬ್ರಷ್ಷು ಎನ್ನುವುದು ಬೇರೆ ಮಾತು.

“ಗ್ರಾನ್ಯಾ, ದಾಟಿ ಹೋದ್ರು ಕಣೇ.” ಬ್ರೋನಾಳ ದನಿ ನಡುಗುತ್ತಿತ್ತು. “ಪ್ರತಿ ಶುಕ್ರವಾರ ನಮ್ಮನೇಲೇ ನಿಲ್ತಿದ್ರು. ಇವತ್ತು ಕೈ ಬೀಸಿ ಹೋಗೇಬಿಟ್ರು. ಹಾಗಾದ್ರೆ ನಾನು ಆಡ್ತೀನಾ?”

“ಆಡ್ತೀಯ. ಅದಕ್ಕೆ ಅಳ್ತಾರಾ?”

“ಅಳ್ತಿಲ್ಲ, ನೆಗಡಿ. ಅದ್ಸರಿ, ನಾನು ಒಳಗಾದ್ರೆ ಹೊರಗೆ ಹೋದೋರು ಯಾರು?”

“ಯಾರೋ, ಪಾಪ,” ಎಂದು ಗ್ರಾನ್ಯಾ ನಕ್ಕಳು.

ಅಮ್ಮ ಆಲೂಗಡ್ಡೆ ಬೇಯಿಸಲು ಇಟ್ಟಿದ್ದಳು. ಅಷ್ಟರಲ್ಲಿ ಮುಂಬಾಗಿಲು ತಟ್ಟಿದ ಸದ್ದಾಯಿತು. ಗ್ರಾನ್ಯಾ ಹಾರುತ್ತ ಹೋಗಿ ತೆರೆದಳು. ಮೆಟ್ಟಿಲ ಮೇಲೆ ಅಪ್ಪ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಕೂದಲಿಂದ ನೀರು ಇಳಿಯುತ್ತಿತ್ತು.

“ಕೀ ಮರೆತು ಹೋಗಿದ್ಯಾ?”

“ಇಲ್ಲ, ಜೇಬಲ್ಲೇ ಇದೆ.”

ಅವನು ಒಳಗೆ ಬರಲಿಲ್ಲ. ಅಪ್ಪ ಹೀಗೆ ನಿಲ್ಲುತ್ತಾನೆ ಎಂದು ಬೇರೆ ಹುಡುಗಿಯರು ಹೇಳಿದ್ದನ್ನು ಗ್ರಾನ್ಯಾ ಕೇಳಿದ್ದಳು. ಕಣ್ಣಾರೆ ನೋಡಿದ್ದು ಇದೇ ಮೊದಲು.

“ಗ್ರಾನ್ಯಾ, ನಾಳೆ ನೀನು ಬೆಂಚಲ್ಲಿರ್ತೀಯ. ನಿನ್ನ ಜಾಗದಲ್ಲಿ ಬ್ರೋನಾ ಆಡ್ತಾಳೆ.”

ತಮಾಷೆ ಇರಬಹುದು ಎಂದು ಅಪ್ಪನ ಮುಖದಲ್ಲಿ ನಗು ಹುಡುಕಿದಳು. ಇರಲಿಲ್ಲ. ಸ್ವಂತ ಅಪ್ಪ, ಸ್ವಂತ ಮನೆಯ ಬಾಗಿಲು ತಟ್ಟಿ, ಹೊರಗಿನವನ ಹಾಗೆ ನಿಂತು ಹೇಳುತ್ತಿದ್ದಾನೆ.

ಕೊನೆಗೆ ಅವಳಿಗೆ ಒಂದು ಕಾರಣ ಹೊಳೆಯಿತು. ಹೋದ ವಾರ ಮಾಂಸದಂಗಡಿಯ ಗಿಲ್ಮಾರ್ಟಿನ್ ಎಲ್ಲರ ಮುಂದೆ, “ಕೋಚ್ ಮಗಳಿಗೆ ಸೀಟ್ ರಿಸರ್ವ್ ಬಿಡಿ,” ಎಂದು ಕೊಂಕು ನುಡಿದಿದ್ದ.

“ಆ ಗಿಲ್ಮಾರ್ಟಿನ್ ಹೇಳಿದ್ದಕ್ಕೆ ತಾನೇ?”

“ಅಲ್ಲ. ಅವನ ಮಾತು ಕೇಳಿ ನಾನು ಟೀಮ್ ಮಾಡಲ್ಲ. ನಾಳೆ ಅವರ ಕಡೆ ಕೆಂಪು ಜಡೆಯ ಹುಡುಗಿ ಇದಾಳಲ್ಲ, ತುಂಬಾ ಫಾಸ್ಟ್. ಅವಳ ಹಿಂದೆ ಓಡೋರು ಬೇಕು. ಬ್ರೋನಾ ನಿನಗಿಂತ ಫಾಸ್ಟ್. ಅಷ್ಟೇ.”

ಆ ‘ಅಷ್ಟೇ’ ಅವಳಿಗೆ ಚುಚ್ಚಿತು. ಗಿಲ್ಮಾರ್ಟಿನ್ ಕಾರಣ ಎಂದಿದ್ದರೆ ಕೂಗಾಡಬಹುದಿತ್ತು, ಅನ್ಯಾಯ ಎಂದು ಬೀದಿಗೆಲ್ಲ ಸಾರಬಹುದಿತ್ತು. ಇದಕ್ಕೆ ಏನು ಮಾಡುವುದು?

“ನಿಂಗೇನು ಗೊತ್ತಾಗುತ್ತೆ?” ಎಂದಳು. “ನಿನ್ನನ್ನ ಯಾರೂ ತೆಗೆದಿರ್ಲಿಲ್ಲ. ನೀನು ಫೈನಲ್ ಆಡದೆ ಇದ್ದಿದ್ದು ಮೊಣಕಾಲು ನೋವಿಗೆ.”

ಆ ಕತೆ ಊರಿಗೆಲ್ಲ ಗೊತ್ತಿತ್ತು. ಇಂಗ್ಲೆಂಡಿನ ದೊಡ್ಡ ಕಪ್ಪಿನ ಫೈನಲ್, ಹಿಂದಿನ ದಿನವೇ ಕೈಕೊಟ್ಟ ಮೊಣಕಾಲು, ಮಲಾಕಿಯ ಕೆಟ್ಟ ಅದೃಷ್ಟ. ಚಿಪ್ಸ್ ಅಂಗಡಿಯವನು ಗಿರಾಕಿಗಳಿಗೆ ಅದನ್ನು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ.

ಅಪ್ಪ ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದ.

“ಮೊಣಕಾಲು ಹೋಗಿದ್ದು ಆಮೇಲೆ. ಅವತ್ತು ನಂಗೆ ಏನೂ ಆಗಿರ್ಲಿಲ್ಲ. ಡ್ರೆಸ್ಸಿಂಗ್ ರೂಮಿಗೆ ಹೋದೆ. ನನ್ನ ಜರ್ಸಿ ಇರಬೇಕಾದ ಜಾಗದಲ್ಲಿ ಬೇರೆಯವನ ಜರ್ಸಿ ನೇತಾಡ್ತಿತ್ತು. ನಿಮ್ಮಜ್ಜಿ, ನಮ್ಮ ಅರ್ಧ ಬೀದಿ, ಎಲ್ಲಾ ಹಡಗು ಹತ್ತಿ ಬಂದು ಸ್ಟೇಡಿಯಮ್‌ನಲ್ಲಿ ಕೂತಿದ್ರು. ಮ್ಯಾನೇಜರ್ ನನ್ನ ಪಕ್ಕದಲ್ಲೇ ಹಾದು ಹೋದ. ತಲೆ ಎತ್ತಿ ನೋಡ್ಲಿಲ್ಲ. ಅಜ್ಜಿಗೆ ಏನಂತ ಹೇಳ್ಲಿ? ಮೊಣಕಾಲು ಅಂದೆ. ಆಮೇಲೆ ಎಲ್ಲರಿಗೂ ಅದನ್ನೇ ಅಂದೆ.”

ಗ್ರಾನ್ಯಾಗೆ ತಾನು ಹೊರಗಾದದ್ದು ಕೂಡ ಒಂದು ಗಳಿಗೆ ಮರೆತುಹೋಯಿತು.

“ಯಾಕೆ ತೆಗೆದ್ರು?”

“ಗೊತ್ತಿಲ್ಲ ಪುಟ್ಟಿ. ಯಾರೂ ಹೇಳ್ಲಿಲ್ಲ.”

ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು.

“ನಂಗೂ ನೀನು ಮೊಣಕಾಲು ಅಂತಾನೇ ಹೇಳಿದ್ದು, ಮಲಾಕಿ.”

“ಹೂಂ.”

ಅಮ್ಮ ಸೌಟು ಒಳಗಿಟ್ಟು ಬಂದಳು. “ಒಳಗೆ ಬಾ. ನೆನೆದು ತೊಪ್ಪೆಯಾಗಿದೀಯ,” ಎಂದಳು.

ಗ್ರಾನ್ಯಾ ದಾರಿ ಬಿಟ್ಟಳು. ಹಾಗೆಂದು ಸಿಟ್ಟು ಇಳಿದಿರಲಿಲ್ಲ. ಮಹಡಿ ಹತ್ತಿ ಹೋಗಿ ಕದ ಹಾಕಿಕೊಂಡಳು, ಊಟಕ್ಕೂ ಇಳಿಯಲಿಲ್ಲ.

ಮರುದಿನ ಬಸ್ಸಿಗೆ ಬಂದಳು, ಮುಖ ಊದಿಸಿಕೊಂಡೇ. ಬ್ರೋನಾ ಪಕ್ಕದಲ್ಲಿ ಕೂರಲೋ ಬೇಡವೋ ಎಂದು ನಿಂತೇ ಇದ್ದಳು.

“ನಿನ್ನ ಜಾಗ ನಾನು ಕೇಳಿರ್ಲಿಲ್ಲ ಕಣೇ. ನಿಜವಾಗ್ಲೂ.”

“ಗೊತ್ತು. ಕೂತ್ಕೋ. ಲೇಸ್ ಬಿಚ್ಚಿದೆ ನೋಡು.”

ಮ್ಯಾಚ್ ಶುರುವಾಯಿತು. ಗ್ರಾನ್ಯಾ ಬೆಂಚಿನ ತುದಿಯಲ್ಲಿ ಕುಳಿತು ಹುಲ್ಲು ಕೀಳುತ್ತಿದ್ದಳು. ಸುಳ್ಳು ಯಾಕೆ, ಬ್ರೋನಾ ಒಮ್ಮೆಯಾದರೂ ಎಡವಲಿ ಎಂದು ಅವಳ ಮನಸ್ಸು ಬಯಸುತ್ತಿತ್ತು. ಹಾಗೆ ಬಯಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಮತ್ತೆ ಬಯಸುತ್ತಿತ್ತು.

ಮುಗಿಯುವ ಹೊತ್ತಿಗೆ ಇವರು ಒಂದು ಗೋಲಿನಿಂದ ಮುಂದಿದ್ದರು. ಆಗ ಆ ಕೆಂಪು ಜಡೆಯವಳಿಗೆ ಚೆಂಡು ಸಿಕ್ಕಿತು. ಒಬ್ಬಳನ್ನು ದಾಟಿದಳು. ಇನ್ನೊಬ್ಬಳನ್ನು ದಾಟಿದಳು. ಮುಂದೆ ಇದ್ದದ್ದು ಗೋಲ್‌ಕೀಪರ್ ಒಬ್ಬಳೇ. ಬ್ರೋನಾ ಹಲ್ಲು ಕಚ್ಚಿ ಹಿಂದೆ ಓಡಿದಳು.

ಕೂತಲ್ಲೇ ಗ್ರಾನ್ಯಾಳ ಕಾಲುಗಳೂ ಓಡಿದವು. ಮನಸ್ಸಿನಲ್ಲಿ ಅವಳೂ ಬ್ರೋನಾಳ ಜೊತೆಗೇ ಹೊರಟಿದ್ದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಬ್ರೋನಾ ಅವಳನ್ನು ಹಿಂದೆ ಹಾಕಿದಳು. ತನ್ನ ಕಾಲು ತನಗೆ ಗೊತ್ತಿಲ್ಲವೇ? ಎಷ್ಟು ಎಳೆದರೂ ಅವು ಅಷ್ಟೇ ಓಡುತ್ತಿದ್ದವು. ಅಲ್ಲಿ ಬ್ರೋನಾ ಕೆಂಪು ಜಡೆಯವಳ ಸಮಕ್ಕೆ ಬಂದಳು, ನೆಲದ ಮೇಲೆ ಜಾರಿಕೊಂಡೇ ಹೋಗಿ ಚೆಂಡನ್ನು ಗೆರೆಯಾಚೆ ಒದ್ದಳು.

ಜನ ಹೋ ಎಂದರು. ಗ್ರಾನ್ಯಾ ನೋಡಿಕೊಂಡರೆ ತಾನು ಎದ್ದು ನಿಂತಿದ್ದಳು, ಕೈ ಚಪ್ಪಾಳೆ ಹೊಡೆಯುತ್ತಿತ್ತು. ಅದನ್ನು ಕಂಡು ಅವಳಿಗೇ ಬೆರಗಾಯಿತು.

ಅಪ್ಪ ಬಂದು ಪಕ್ಕದಲ್ಲಿ ನಿಂತ. ಕಣ್ಣು ಮೈದಾನದ ಮೇಲೆಯೇ ಇತ್ತು.

“ನಂಗೆ ಆ ಜಡೆಯವಳು ಸಿಕ್ತಿರ್ಲಿಲ್ಲ, ಅಲ್ವಾ?” ಎಂದಳು ಗ್ರಾನ್ಯಾ.

“ಸಿಕ್ತಿರ್ಲಿಲ್ಲ.”

ನೋವಾಯಿತು. ಆದರೆ ನಿನ್ನೆಯಷ್ಟಲ್ಲ. ಅವಳು ಅಪ್ಪನನ್ನು ಓರೆಗಣ್ಣಿನಲ್ಲಿ ನೋಡಿದಳು. ತನ್ನನ್ನು ಯಾಕೆ ತೆಗೆದರು ಎಂದು ಅವಳಿಗೆ ಗೊತ್ತಿತ್ತು. ಅಪ್ಪ, ಇಷ್ಟು ದೊಡ್ಡವನಾದ ಮೇಲೂ, ತನ್ನನ್ನು ಅವತ್ತು ಯಾಕೆ ತೆಗೆದರೆಂದು ಗೊತ್ತಿಲ್ಲದೆಯೇ ನಿಂತಿದ್ದ.